ಅಲ್ಲಾಡದ ಲೆನ್ಸು, ಜಾಫರನ ಹೆಗಲು

ದಾವಣಗೆರೆ
22 ನವೆಂಬರ್ 1998, ಭಾನುವಾರ

ಗಂಗಾವತಿಯಲ್ಲಿರುವ ನನ್ನ ಜಾಫರನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಕೋಳಿ ಕೆದರಿದ ಹಾಗೆ ಬರೆಯುತ್ತೇನೆಂದು ನೀನೇ ಅಲ್ಲವೇ ಆಡಿಕೊಳ್ಳುತ್ತಿದ್ದದ್ದು? ಹರಿದು ಒಲೆಗೆ ಹಾಕುವ ಮನಸ್ಸಾದರೆ ಹಾಕು ಮಾರಾಯ, ಆದರೆ ಓದಿ ಹಾಕು. ಐದು ವರ್ಷ ಒಂದು ಕಾರ್ಡೂ ಬರೆಯದವನು ಇವತ್ತು ಅಂಗಡಿ ಬಾಗಿಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆಂದರೆ ಅದಕ್ಕೆ ಕಾರಣ ಒಂದು ಲೆನ್ಸು. ನಗಬೇಡ. ಲೆನ್ಸಿನಿಂದಲೇ ಶುರುಮಾಡುತ್ತೇನೆ, ನನಗೆ ಬೇರೆ ರೀತಿ ಶುರುಮಾಡಲು ಬರುವುದಿಲ್ಲ.

ಹುಬ್ಬಳ್ಳಿಯ ಅಬ್ದುಲ್ ರಹೀಮ್ ಅವರು ನೆನಪಿರಬೇಕು. ತಿಂಗಳಿಗೊಮ್ಮೆ ಬಂದು ಊರಿನ ಸ್ಟುಡಿಯೋಗಳ ಕ್ಯಾಮೆರಾ ರಿಪೇರಿ ಮಾಡಿಕೊಟ್ಟು ಹೋಗುವವರು. ಈ ಸಲ ಅವರು ಚೀಲದಿಂದ ಒಂದು ಹೊಸ ಲೆನ್ಸು ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಉದ್ದ ಲೆನ್ಸಿನಷ್ಟೇ ದೂರದ್ದನ್ನು ಹತ್ತಿರ ತರುತ್ತದೆ, ಆದರೆ ಇದರ ಹೊಟ್ಟೆಯೊಳಗೆ ಒಂದು ಯಂತ್ರವಿದೆ. ಹಿಡಿದ ಕೈ ಅಲ್ಲಾಡಿದರೆ ಒಳಗಿನ ಗಾಜು ಅದಕ್ಕೆ ಎದುರಾಗಿ ಸರಿದು ಚಿತ್ರವನ್ನು ನಿಲ್ಲಿಸುತ್ತದಂತೆ. ಪಕ್ಕದಲ್ಲೊಂದು ಸ್ವಿಚ್ಚು, ಹಾಕಿದರೆ ಸಣ್ಣಗೆ ಗುಂಯ್ ಎನ್ನುತ್ತದೆ. ಎರಡು ವಾರ ಇಟ್ಟುಕೊಂಡು ನೋಡಿ, ಬೇಕೆನಿಸಿದರೆ ಹಳೆಯದನ್ನು ನನಗೆ ಕೊಟ್ಟು ಮೇಲೆ ಒಂದಿಷ್ಟು ಹಾಕಿ ಎಂದರು. ಹೊರಡುವಾಗ ಹಳೆಯ ಲೆನ್ಸನ್ನು ತಿರುಗಿಸಿ ನೋಡಿ, "ಕೊಡೂ ಮುಂದ ಈ ಬಟ್ಟಿ ಬಿಚ್ಚಿ ಕೊಡ್ರಿ ಮತ್ತ" ಅಂದರು.

ಆ ಬಟ್ಟೆ ಯಾವುದೆಂದು ನಿನಗೆ ಹೇಳಬೇಕೆ? ನಿನ್ನ ಅಬ್ಬಾನ ಕೆಂಪು ಚೌಕಳಿ ಟವೆಲ್ಲು. ಲೆನ್ಸಿನ ಅಂಚು ಒತ್ತಿ ನಿನ್ನ ಹೆಗಲೆಲ್ಲ ಕೆಂಪಗಾಗಿದ್ದನ್ನು ನೋಡಿ ನಿನ್ನ ಅಮ್ಮಿ ಅದನ್ನು ಎರಡು ಮಡಿಕೆ ಮಾಡಿ ಲೆನ್ಸಿಗೆ ಸುತ್ತಿ ಹೊಲಿದುಕೊಟ್ಟಿದ್ದರು. ಇಷ್ಟು ವರ್ಷವೂ ಅದರ ಮೇಲೇ ಕೈಯಿಟ್ಟು ಕೆಲಸ ಮಾಡಿದ್ದೇನೆ. ಬಿಚ್ಚಿಕೊಡಿ ಎಂದಾಗಲೇ ಅದು ಅಲ್ಲಿದೆಯೆಂದು ನನಗೆ ಗೊತ್ತಾಗಿದ್ದು.

ಭಾನುವಾರಗಳು ನೆನಪಿವೆಯೇ ಜಾಫರ್? ಬೆಳಗಿನ ಪ್ಯಾಸೆಂಜರ್ ಹಿಡಿದು ಹರಿಹರಕ್ಕೆ ಹೋಗಿ, ಸ್ಟೇಷನ್ನಿಂದ ಹೊಳೆಯವರೆಗೆ ನಡೆಯುತ್ತಿದ್ದೆವು. ನೀನು ಜೇಬು ತುಂಬ ಮಂಡಕ್ಕಿ ತಂದಿರುತ್ತಿದ್ದೆ, ನಾನು ಮೆಣಸಿನಕಾಯಿ ಕೊಳ್ಳುತ್ತಿದ್ದೆ. ನನ್ನ ಹತ್ತಿರ ಮೂರುಕಾಲಿನ ಸ್ಟ್ಯಾಂಡ್ ಇರಲಿಲ್ಲವೆಂದಲ್ಲ. ಮರಳಿನಲ್ಲಿ ಅದರ ಕಾಲು ಹೂತುಹೋಗುತ್ತಿತ್ತು, ನೀನು ಹೂತುಹೋಗುತ್ತಿರಲಿಲ್ಲ. ನೀರಿನ ಕಡೆ ಮುಖ ಮಾಡಿ ನೀನು ಚಕ್ಕಳಮಕ್ಕಳ ಹಾಕಿ ಕೂತರೆ ನಿನ್ನ ಬಲ ಹೆಗಲ ಮೇಲೆ ಲೆನ್ಸಿಟ್ಟು ನಾನು ಕೊಕ್ಕರೆಗಾಗಿ ಕಾಯುತ್ತಿದ್ದೆ. "ಉಸಿರು" ಅನ್ನುತ್ತಿದ್ದೆ. ನೀನು ಉಸಿರು ಹಿಡಿಯುತ್ತಿದ್ದೆ. ಕ್ಲಿಕ್ ಆದ ಮೇಲೂ ನಾನು ಹೇಳದೆ ನೀನು ಉಸಿರಾಡುತ್ತಿರಲಿಲ್ಲ. ಮೂಗಿನಲ್ಲೇ "ಬಿಡ್ಲಾ?" ಎಂದು ಕೇಳುತ್ತಿದ್ದೆ. "ಬಿಡು" ಎಂದರೆ ಬುಸ್ಸೆಂದು ಬಿಡುತ್ತಿದ್ದೆ, ಕೊಕ್ಕರೆಯೂ ಹಾರಿಹೋಗುತ್ತಿತ್ತು.

ಚಿತ್ರ ಚೆನ್ನಾಗಿ ಬಂದರೆ ಊರೆಲ್ಲ ನನ್ನ ಕೈ ಹೊಗಳುತ್ತಿತ್ತು. ಕೊಟ್ಟೂರೇಶನ ಕೈ ಅಂದರೆ ಕಲ್ಲು ಅನ್ನುತ್ತಿದ್ದರು. ನಾನೂ ಬೀಗುತ್ತಿದ್ದೆ. ಕಲ್ಲಿನ ಕೆಳಗೆ ಒಂದು ಹೆಗಲಿತ್ತೆಂದು ಒಬ್ಬರಿಗೂ ಹೇಳಲಿಲ್ಲ, ನೀನೂ ಹೇಳಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ತೊಂಬತ್ತಮೂರರ ಡಿಸೆಂಬರ್. ನಿನ್ನ ಅಬ್ಬಾ, ಅಂದರೆ ನಮ್ಮ ಕುತುಬುದ್ದೀನ್ ಚಾಚಾನ ಒಂದು ಒಳ್ಳೆಯ ಫೋಟೋ ಬೇಕೆಂದು ಅಮ್ಮಿ ವರ್ಷಗಟ್ಟಲೆ ಕೇಳುತ್ತಿದ್ದರು. ಆದರೆ ಆ ಮನುಷ್ಯ ಕ್ಯಾಮೆರಾ ಕಂಡರೆ ಸಾಕು, ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ನೆಟ್ಟಗೆ ನಿಂತು ಮುಖ ಬಿಗಿದುಕೊಳ್ಳುತ್ತಿದ್ದರು. ನಿಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕಾಯ್ದ ಮರಳಿನಿಂದ ಮೊದಲ ಮಂಡಕ್ಕಿ ಜರಡಿಗೆ ಬಿದ್ದಾಗ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತು ತಮ್ಮಷ್ಟಕ್ಕೆ ನಗುತ್ತಿದ್ದರಲ್ಲ, ಆ ನಗು ಬೇಕಿತ್ತು ನಮಗೆ. ಅದಕ್ಕೇ ನೀನು ಉಪಾಯ ಮಾಡಿದೆ. ಎದುರಿನ ಭಟ್ಟಿಯ ಮೂಟೆಗಳ ಹಿಂದೆ ನೀನು ಕೂತೆ, ನಿನ್ನ ಹಿಂದೆ ನಾನು. ಚಾಚಾ ನಿಂತಿದ್ದ ನಿಮ್ಮ ಭಟ್ಟಿಯ ಒಳಗೆಲ್ಲ ಹೊಗೆ, ಮಾಡಿನ ಕಿಂಡಿಯಿಂದ ಬೀಳುವ ಒಂದು ಕೋಲು ಬಿಸಿಲು ಬಿಟ್ಟರೆ ಬೆಳಕಿಲ್ಲ. ಅಷ್ಟು ಕಡಿಮೆ ಬೆಳಕಿಗೆ ಕ್ಯಾಮೆರಾದ ಬಾಗಿಲು ಬಹಳ ಹೊತ್ತು ತೆರೆದಿರಬೇಕು, ಅಷ್ಟು ಹೊತ್ತೂ ಒಂದಿಷ್ಟೂ ಅಲ್ಲಾಡಬಾರದು. ರೀಲಿನಲ್ಲಿ ಉಳಿದಿದ್ದದ್ದು ಒಂದೇ. "ಉಸಿರು" ಅಂದೆ. ಚಾಚಾ ಹಿಡಿ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು, ನಕ್ಕರು. ಒತ್ತಿದೆ.

ಅಷ್ಟರಲ್ಲಿ ಚಾಚಾ ಕಣ್ಣು ಬಿಟ್ಟು ನಮ್ಮನ್ನು ನೋಡಿಬಿಟ್ಟರು. "ಏನ್ರಲೇ ಅದು, ಕಳ್ಳರಂಗೆ ಕುಂತೀರಿ?" ಎಂದು ಗದರಿದರು. ನಾನು ಎದ್ದು ನಗುತ್ತ ಅವರ ಕಡೆ ಓಡಿದೆ. ಹಿಂದಿನಿಂದ ನೀನು "ಬಿಡ್ಲಾ?" ಎಂದು ಕೇಳಿದ್ದು ಕೇಳಿಸಿತ್ತು. ಉತ್ತರ ಕೊಡಲಿಲ್ಲ.

ತಿಂಗಳೊಳಗೆ ಚಾಚಾ ಹೋಗಿಬಿಟ್ಟರು. ಆಮೇಲಷ್ಟೇ ನಾನು ಚಿತ್ರ ತೊಳೆದು ನೋಡಿದರೆ ಎಲ್ಲವೂ ಎರಡೆರಡು. ಚಾಚಾನ ಮುಖ ಎರಡು, ಹಿಡಿ ಎರಡು, ಹಿಂದಿನ ಗೋಡೆಯ ಮೊಳೆ ಕೂಡ ಎರಡು. ಮೊಳೆ ತಾನಾಗಿ ಅಲ್ಲಾಡುವುದಿಲ್ಲ. ಹಾಗಾದರೆ ಅಲ್ಲಾಡಿದ್ದು ನಮ್ಮ ಕಡೆಯೇ. ನಮ್ಮಿಬ್ಬರಲ್ಲಿ ಯಾರೆಂದು ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ನನ್ನ ಕೈ ಕಲ್ಲು ತಾನೆ.

ಚಾಚಾ ಹೋದ ನಲವತ್ತನೆಯ ದಿನ ನಿಮ್ಮ ಮನೆಗೆ ಬಂದೆನಲ್ಲ, ಅಮ್ಮಿ ಒಳಬಾಗಿಲಿಗೆ ಬಂದು, "ಅವತ್ತು ತೆಗ್ದಿದ್ದು ಫೋಟೋ ತಂದ್ಯೇನಪ್ಪಾ?" ಎಂದು ಕೇಳಿದರು. ನೆಂಟರೆಲ್ಲ ಕೂತಿದ್ದರು. ಏನಾದರೂ ಒಂದು ಹೇಳಬಹುದಿತ್ತು. ಬೆಳಕಿರಲಿಲ್ಲ ಅನ್ನಬಹುದಿತ್ತು, ರೀಲು ಕೆಟ್ಟಿತ್ತು ಅನ್ನಬಹುದಿತ್ತು. ನಾನು ಹೇಳಿದ್ದು, "ಇವ್ನು ಹೆಗಲು ಅಲ್ಲಾಡಿಸಿಬಿಟ್ಟ ಅಮ್ಮಿ, ಫೋಟೋ ಕೆಟ್ಟೋತು."

ಅಮ್ಮಿ ನಿನ್ನ ಕಡೆ ತಿರುಗಿದರು. "ನಿಮ್ಮಬ್ಬಾಂದು ಅದೊಂದು ಕೆಲ್ಸಾನೂ ನೆಟ್ಟಗೆ ಆಗ್ಲಿಲ್ಲೇನೋ ನಿನ್ ಕೈಲಿ?" ಅಂದರು. ಜೋರಾಗಿ ಏನೂ ಅನ್ನಲಿಲ್ಲ. ನೀನು ತಲೆ ಬಗ್ಗಿಸಿದೆ. ಬೀದಿಯವರೆಗೆ ಕಳಿಸಲು ಬಂದಾಗ ನನ್ನನ್ನು ನೋಡದೆ ಹೇಳಿದೆ: "ನಂಗೆ ನಗು ಬಂದಿತ್ತು ಕೊಟ್ರೇಶಿ. ತಡ್ಕೊಂಡೆ ಅಂದ್ಕೊಂಡಿದ್ದೆ."

ಅದಾದ ಮೇಲೆ ನೀನು ಹರಿಹರಕ್ಕೆ ಬರಲಿಲ್ಲ. ಸ್ಟುಡಿಯೋ ಮುಂದೆ ಹಾದುಹೋದರೂ ಒಳಗೆ ಬರಲಿಲ್ಲ. ಭಟ್ಟಿ ಬಿಟ್ಟುಕೊಟ್ಟು ಅಮ್ಮಿಯನ್ನು ಕರೆದುಕೊಂಡು ಗಂಗಾವತಿಗೆ ಹೋದೆಯೆಂದು ಪಕ್ಕದ ಭಟ್ಟಿಯವರು ಹೇಳಿದರು. ನನಗೆ ಸಿಟ್ಟು ಬಂತು. ಫೋಟೋ ಕೆಡಿಸಿದವನು ನೀನು, ಮುನಿಸು ಬೇರೆ ನಿನ್ನದೇ ಎಂದುಕೊಂಡೆ. ಎಂಥ ಮೂರ್ಖ ನಾನು.

ಇನ್ನು ಲೆನ್ಸಿನ ವಿಷಯ. ಕೊಳ್ಳಲೋ ಬೇಡವೋ ಎಂದು ರೂಪಶ್ರೀಯನ್ನು ಕೇಳಿದೆ. ನನ್ನ ಹೆಂಡತಿಯ ಬಾಯಿ ನಿನಗೆ ಗೊತ್ತಲ್ಲ. ಮದುವೆಗಳಿಗೆ ಹೇಗೂ ಫ್ಲ್ಯಾಶ್ ಹಾಕುತ್ತೀರಿ, ಅಲ್ಲಿ ಇದು ಬೇಡ. ಹಾರುವ ಹಕ್ಕಿಯನ್ನು ಇದು ನಿಲ್ಲಿಸುತ್ತದೆಯೇ ಎಂದಳು. ಇಲ್ಲ, ಹಕ್ಕಿಯ ರೆಕ್ಕೆಯನ್ನು ಇದು ನಿಲ್ಲಿಸುವುದಿಲ್ಲ, ನನ್ನ ಕೈಯನ್ನು ಮಾತ್ರ ಎಂದೆ. "ನಿಮ್ಮ ಕೈ ಕಲ್ಲು ಅಂತಿದ್ರಿ. ಕಲ್ಲಿಗ್ಯಾಕ್ರಿ ಇದು?" ಎಂದು ಒಳಗೆ ಹೋದಳು.

ನನಗೆ ಚುರುಕ್ಕೆಂದಿತು. ಅವಳಿಗೆ ತೋರಿಸಿಯೇ ಬಿಡುತ್ತೇನೆಂದು ಹೋದ ಭಾನುವಾರ ಎರಡೂ ಲೆನ್ಸು ಹಿಡಿದು ಒಬ್ಬನೇ ಹರಿಹರಕ್ಕೆ ಹೋದೆ. ಬಿಸಿಲೇರುವ ಮುಂಚೆ, ಬೆಳಕು ಇನ್ನೂ ಕಡಿಮೆಯಿರುವಾಗಲೇ ಹೊಳೆಯ ಮೆಟ್ಟಿಲ ಮೇಲೆ ಕೂತೆ. ಆಚೆ ದಡದಲ್ಲಿ ಒಂದು ಪಂಪ್‌ಹೌಸಿದೆ, ಅದರ ಕಬ್ಬಿಣದ ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆದಿದ್ದಾರೆ. ಅದೇ ಗುರಿ. ಹೊಸ ಲೆನ್ಸನ್ನು ಕೈಯಲ್ಲೇ ಹಿಡಿದು ಸ್ವಿಚ್ಚು ಹಾಕಿ ಹನ್ನೆರಡು ತೆಗೆದೆ. ಹಳೆಯದನ್ನು ಟವೆಲ್ಲಿನ ಸಮೇತ ಕಲ್ಲಿನ ಮೇಲಿಟ್ಟು, ನಿನ್ನ ಹೆಗಲ ಮೇಲಿಟ್ಟು ಒತ್ತುತ್ತಿದ್ದ ಹಾಗೆಯೇ ಒತ್ತಿ ಹನ್ನೆರಡು. ಕೊನೆಯ ಹನ್ನೆರಡಕ್ಕೆ ಹಳೆಯದು ಕಲ್ಲಿನ ಮೇಲೇ ಇತ್ತು, ಆದರೆ ನಾನು ಕೈ ತೆಗೆದು ದೂರ ಕೂತೆ. ಕ್ಯಾಮೆರಾ ತಾನೇ ಹತ್ತು ಸೆಕೆಂಡು ಎಣಿಸಿ ತೆಗೆದುಕೊಂಡಿತು.

ತೊಳೆದು ಭೂತಗನ್ನಡಿ ಇಟ್ಟು ನೋಡಿದೆ. ಹೊಸ ಲೆನ್ಸಿನವು ಬಹುತೇಕ ಸ್ವಚ್ಛ, ರಹೀಮ್ ಅವರು ಹೇಳಿದ್ದು ಸುಳ್ಳಲ್ಲ. ಹಳೆಯದರಲ್ಲಿ ಕ್ಯಾಮೆರಾ ತಾನೇ ತೆಗೆದದ್ದು ಹನ್ನೆರಡಕ್ಕೆ ಹನ್ನೆರಡೂ ಸ್ವಚ್ಛ. ನಾನು ಒತ್ತಿದವುಗಳಲ್ಲಿ ಒಂಬತ್ತು ಅಲ್ಲಾಡಿದ್ದವು. ಕಲ್ಲಿನ ಮೇಲೆ, ಜಾಫರ್. ಉಸಿರಾಡದ, ನಗು ಬಾರದ ಕಲ್ಲಿನ ಮೇಲೆ.

ಒಂಬತ್ತರಲ್ಲೂ ನಂಬರು ಒಂದೇ ಓರೆಗೆ ಎರಡಾಗಿತ್ತು. ಒತ್ತುವಾಗ ನನ್ನ ಬೆರಳು ಕ್ಯಾಮೆರಾವನ್ನು ಬಲಗಡೆಗೆ ಕೆಳಕ್ಕೆ ಜಗ್ಗುತ್ತದೆ. ಎದ್ದು ಬೀರುವಿನಿಂದ ಚಾಚಾನ ನೆಗೆಟಿವ್ ತೆಗೆದು ಪಕ್ಕದಲ್ಲಿಟ್ಟೆ. ಗೋಡೆಯ ಮೊಳೆ ಎರಡಾಗಿದ್ದದ್ದು ಅದೇ ಓರೆಗೆ. ಹೆಗಲು ಅಲ್ಲಾಡಿದ್ದರೆ ನೆಟ್ಟಗೆ ಮೇಲೆ ಕೆಳಗೆ ಆಗಬೇಕಿತ್ತು. ಆಗಿಲ್ಲ. ನೀನು ಅಲ್ಲಾಡಿರಲಿಲ್ಲ. ನಗು ತಡೆದುಕೊಂಡೇ ಇದ್ದೆ. ಬೇರೆ ದಿನಗಳಲ್ಲಿ ಬಿಸಿಲು ಜೋರಾಗಿದ್ದು ಕ್ಯಾಮೆರಾದ ಬಾಗಿಲು ಚಣಮಾತ್ರ ತೆರೆದು ಮುಚ್ಚುತ್ತಿದ್ದರಿಂದ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು, ಭಟ್ಟಿಯ ಕತ್ತಲೆಯಲ್ಲಿ ಸಿಕ್ಕಿಬಿತ್ತು. ನಿನ್ನ ಅಬ್ಬಾನ ನಗು ಕೆಡಿಸಿದ್ದು ನನ್ನ ಬೆರಳು. ಅದನ್ನು ನಾನು ನಿನ್ನ ತಲೆಗೆ ಕಟ್ಟಿದೆ, ಅದೂ ಹೆತ್ತ ತಾಯಿಯ ಮುಂದೆ.

ಇಬ್ಬರೂ ಕೂತು ಆ ಒಂಬತ್ತು ಚಿತ್ರ ನೋಡಿದೆವು, ನಾನು ಮತ್ತು ರೂಪಶ್ರೀ. ಅವಳು ಗೆದ್ದೆನೆನ್ನಲಿಲ್ಲ. "ಜಾಫರ್ ಅಣ್ಣಂಗೆ ಬರೀರಿ" ಅಂದಳು, ಅಷ್ಟೇ. ಒಂದು ವಾರ ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ.

ಹೊಸ ಲೆನ್ಸನ್ನು ವಾಪಸು ಕೊಡುತ್ತಿದ್ದೇನೆ. ಅದು ಕೆಟ್ಟದ್ದೆಂದಲ್ಲ, ನನ್ನಂಥವನಿಗೆ ಬೇಕಾದದ್ದೇ. ಆದರೆ ಅದನ್ನು ಕೊಂಡರೆ ನನ್ನ ಬೆರಳು ಜಗ್ಗುವುದನ್ನು ಅದು ಮುಚ್ಚಿಬಿಡುತ್ತದೆ, ನಾನು ಮತ್ತೆ ಕಲ್ಲುಗೈಯವನೆಂದು ಬೀಗಿಕೊಂಡು ತಿರುಗುತ್ತೇನೆ. ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ರೀಲಿಲ್ಲದ ಕ್ಯಾಮೆರಾ ಹಿಡಿದು ಮೆಲ್ಲಗೆ ಒತ್ತುವುದನ್ನು ಕಲಿಯುತ್ತಿದ್ದೇನೆ, ನಲವತ್ತೊಂದನೆಯ ವಯಸ್ಸಿನಲ್ಲಿ. ಅಮ್ಮಿ ಹೊಲಿದ ಬಟ್ಟೆಯನ್ನು ಯಾರಿಗೂ ಬಿಚ್ಚಿಕೊಡುವುದಿಲ್ಲ.

ಭಾನುವಾರ ಆ ಮೆಟ್ಟಿಲ ಮೇಲೆ ಕೂತಾಗ ಕೊಕ್ಕರೆ ಬಂದಿತ್ತು ಜಾಫರ್. ಅಭ್ಯಾಸಬಲದಿಂದ "ಉಸಿರು" ಅಂದುಬಿಟ್ಟೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ನೀನಿಲ್ಲದ ಹೊಳೆ ನನಗೆ ಬೇಡವಾಗಿದೆ. ಸ್ನೇಹಿತರು ಬೇಕಾದಷ್ಟಿದ್ದಾರೆ, ಯಾರ ಮುಂದೆಯೂ ನಾನು ಸುಮ್ಮನೆ ಕೂರಲಾರೆ. ನಿನ್ನ ಹತ್ತಿರ ಗಂಟೆಗಟ್ಟಲೆ ಕೂತಿದ್ದೆ.

ಎರಡು ಮಾತು ಕೇಳುತ್ತೇನೆ. ಈ ಪತ್ರವನ್ನು ಅಮ್ಮಿಗೆ ಓದಿ ಹೇಳು. ನೀನು ಸಂಕೋಚದವನು, ಮಧ್ಯದ್ದನ್ನು ಹಾರಿಸಿಬಿಡುತ್ತೀಯ. ಹಾರಿಸಬೇಡ. ಮನೆಯಲ್ಲಿ ನೆಂಟರಿದ್ದರೆ ಅವರೆದುರಿಗೇ, ಜೋರಾಗಿ ಓದು. ಅಮ್ಮಿ ನನ್ನನ್ನು ಏನು ಬೈದರೂ ಅದನ್ನು ಹಾಗೆಯೇ ಬರೆದು ಕಳಿಸು. ಇನ್ನೊಂದು, ಯಾವುದಾದರೂ ಒಂದು ಭಾನುವಾರ ಹರಿಹರಕ್ಕೆ ಬಾ. ಈ ಸಲ ಕ್ಯಾಮೆರಾ ನೀನು ಹಿಡಿ, ಹೆಗಲು ನನ್ನದು. ಬಾರದಿದ್ದರೂ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ಅಮ್ಮಿಯ ಕಾಲಿಗೆ ನನ್ನ ನಮಸ್ಕಾರ. ನಿನ್ನ ಮನೆ, ನಿನ್ನ ಮಕ್ಕಳು ತಣ್ಣಗಿರಲಿ. ಮೂಟೆಗಳ ಹಿಂದೆ ಕೂತು ಅವತ್ತು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಐದು ವರ್ಷ ತಡವಾಗಿ ಈಗ ಕೊಡುತ್ತಿದ್ದೇನೆ.

ಬಿಡು, ಜಾಫರ್.

ನಿನ್ನ
ಕೊಟ್ರೇಶಿ