ಸಪ್ನಾ ಒಡೆದ ಬೀಗದ ವಿಚಾರವಾಗಿ

ನರ್ಸುಗಳಿಗೆ ವಿಪತ್ತು ತರಬೇತಿ ಕೊಡುವ ಹೊಣೆ ಹೊತ್ತ ಮೇಲಧಿಕಾರಿಗಳಿಗೆ,

ಮಾನ್ಯರೇ, ತಾವು ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ ಸಪ್ನಾಳಿಗೆ ಕಾರಣ ಕೇಳಿ ನೋಟಿಸ್ ಕಳಿಸಿದ್ದೀರಿ. ಉತ್ತರ ತೃಪ್ತಿಕರವಾಗುವವರೆಗೆ ಪರೀಕ್ಷೆಯ ಹಾಲ್ ಟಿಕೆಟ್ ಕೊಡಬಾರದೆಂದು ಆಕೆಯ ಶಾಲೆಗೂ ಬರೆದಿದ್ದೀರಿ. ವಿಷಗಾಳಿ ಕುಡಿದು ಬಂದ ಮೂವತ್ತೊಂದು ಜನರಿಗೆ ಉಸಿರು ಕೊಡುವುದಕ್ಕಾಗಿ ಸರ್ಕಾರಿ ಕಪಾಟಿನ ಬೀಗ ಒಡೆದದ್ದು ಆಕೆಯ ಅಪರಾಧ. ನೋಟಿಸಿನ ಭಾಷೆ ಚೆನ್ನಾಗಿದೆ. ‘ಸಾರ್ವಜನಿಕ ಸ್ವತ್ತಿಗೆ ಹಾನಿ’, ‘ಅಧಿಕಾರ ವ್ಯಾಪ್ತಿ ಮೀರಿದ ವರ್ತನೆ’, ‘ಆಸ್ಪತ್ರೆಯ ಅಂಗಳದಲ್ಲಿ ರೋಗಿಗಳ ಉಡುಪು ತೆಗೆಸಿ ಮುಜುಗರ ಉಂಟುಮಾಡಿದ್ದು’. ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲ ಕಚೇರಿ ನಮ್ಮ ಭಾಗದಲ್ಲಿದೆ ಎಂಬುದು ಹೆಮ್ಮೆಯ ಸಂಗತಿ. ಆ ದಿನ ತುರ್ತು ಚಿಕಿತ್ಸೆಯ ಕೋಣೆಯ ಉಸ್ತುವಾರಿ ನನ್ನದಾಗಿತ್ತು. ಆದರೂ ನೋಟಿಸಿನಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಈ ಪತ್ರ ಬರೆಯಲು ಅದೇ ಮುಖ್ಯ ಕಾರಣ.

ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ಈ ಸೀಮೆಯಲ್ಲಿ ನರ್ಸ್ ಆಗಿದ್ದೇನೆ. ಸೇಡಂ, ಚಿಂಚೋಳಿ, ಶಹಾಬಾದ, ಚಿತ್ತಾಪುರ ಎಲ್ಲ ಕಡೆ ದುಡಿದಿದ್ದೇನೆ. ಇಲ್ಲಿ ವಿಪತ್ತಿಗೆ ಬರಗಾಲವಿಲ್ಲ. ಮಳೆಗಾಲದಲ್ಲಿ ಕಾಗಿಣಾ ಹೊಳೆ ತುಂಬಿದರೆ ದಂಡೋತಿಯ ಸೇತುವೆ ಮುಳುಗಿ ಗರ್ಭಿಣಿಯರು ಆಚೆ ದಡದಲ್ಲೇ ಉಳಿಯುತ್ತಾರೆ. ಭೀಮೆ ಏರಿದರೆ ಸನ್ನತಿಯಿಂದ ಫೋನು ಬರುತ್ತದೆ. ಚಿಂಚೋಳಿ ಕಡೆ ಆಗಾಗ ನೆಲವೇ ಗುಡುಗಿ ಜನ ಬೀದಿಯಲ್ಲಿ ಮಲಗುತ್ತಾರೆ. ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ, ಹಗಲಿರುಳೂ ರೈಲು ಓಡುವ ವಾಡಿ ಜಂಕ್ಷನ್ ಎಲ್ಲವೂ ನಮ್ಮ ಪಾಲಿಗಿವೆ. ಇಂಥ ಕಡೆ ನರ್ಸ್ ಆಗುವವಳಿಗೆ ಏನು ಕಲಿಸಬೇಕೆಂದು ತಮಗೆ ಯಾರೂ ಹೇಳಬೇಕಾಗಿಲ್ಲ. ಪಠ್ಯದಲ್ಲಿ ಅಧ್ಯಾಯವೂ ಇದೆ. ‘ವಿಪತ್ತಿನ ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬರುತ್ತದೆ, ಹುಡುಗಿಯರು ಬಾಯಿಪಾಠ ಮಾಡಿ ಹತ್ತಕ್ಕೆ ಎಂಟು ತೆಗೆಯುತ್ತಾರೆ. ನಾನು ಒಂಬತ್ತು ತೆಗೆದಿದ್ದೆ.

ಕಲಿಸಿಲ್ಲ ಎಂದು ಪೂರ್ತಿ ದೂರಿದರೆ ಅನ್ಯಾಯವಾದೀತು. ಫೆಬ್ರುವರಿಯಲ್ಲಿ ನಮ್ಮ ಆಸ್ಪತ್ರೆಯಲ್ಲಿ ತಾವೇ ಬಂದು ಒಂದು ದಿನದ ಕಾರ್ಯಾಗಾರ ನಡೆಸಿದ್ದಿರಿ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಹನ್ನೆರಡೂವರೆಗೆ ಬಂದಿರಿ. ಗಾಯಾಳುಗಳ ಪಾತ್ರ ವಹಿಸಿದ್ದ ವಿದ್ಯಾರ್ಥಿನಿಯರು ಅಲ್ಲಿಯವರೆಗೆ ಅಂಗಳದಲ್ಲಿ ಮಲಗಿದ್ದರು, ಹಚ್ಚಿದ್ದ ಕೆಂಪು ಶಾಯಿ ಅಷ್ಟರಲ್ಲಿ ಒಣಗಿ ಉದುರಿತ್ತು. ಫೋಟೋದವನು ಬೆಳಕು ಸರಿಯಿಲ್ಲವೆಂದು ಹೇಳಿ ಎಲ್ಲ ಗಾಯಾಳುಗಳನ್ನೂ ಎಬ್ಬಿಸಿ ಬೇವಿನ ಮರದ ಆಚೆಗೆ ನಡೆಸಿಕೊಂಡು ಹೋಗಿ ಮತ್ತೆ ಮಲಗಿಸಿದ. ಕಾಲು ಮುರಿದವಳು ಎಲ್ಲರಿಗಿಂತ ಮುಂದೆ ಓಡಿದಳು. ತಾವು ಸನ್ನದ್ಧತೆಯ ಮಹತ್ವದ ಕುರಿತು ನಲವತ್ತು ನಿಮಿಷ ಮಾತನಾಡಿದಿರಿ. ಕೊನೆಗೆ ಒಂದು ದೊಡ್ಡ ಪೆಟ್ಟಿಗೆಯನ್ನು ನಮಗೆ ಹಸ್ತಾಂತರಿಸಿದಿರಿ. ಅದರಲ್ಲಿ ನಲವತ್ತು ಆಮ್ಲಜನಕದ ಮಾಸ್ಕ್, ಉಸಿರಿಗೆ ಔಷಧಿಯ ಹಬೆ ಕೊಡುವ ಯಂತ್ರಗಳು, ರೋಗಿಯ ಸ್ಥಿತಿ ನೋಡಿ ಕೊರಳಿಗೆ ಕಟ್ಟುವ ಕೆಂಪು, ಹಳದಿ, ಹಸಿರು ಚೀಟಿಗಳು ಇದ್ದವು. ಯಾವ ಚೀಟಿ ಯಾರಿಗೆ ಕಟ್ಟಬೇಕೆಂದು ಹೇಳುವ ಹೊತ್ತಿಗೆ ಊಟ ಬಂತು. ಸಂಜೆ ಪೆಟ್ಟಿಗೆ ಕಪಾಟು ಸೇರಿತು. ಬಾಗಿಲಿಗೆ ಬೀಗ, ಅದರ ಮೇಲೆ ‘ಅನುಮತಿ ಇಲ್ಲದೆ ತೆರೆಯಬಾರದು’ ಎಂಬ ಕಾಗದ. ವಿಪತ್ತು ಬಂದರೆ ಅದು ಮೊದಲು ಅರ್ಜಿ ಹಾಕುತ್ತದೆಂದು ಯಾರೋ ನಂಬಿದ್ದರು.

ಮೇ ತಿಂಗಳ ಒಂದು ಮಂಗಳವಾರ ಅದು ಅರ್ಜಿ ಹಾಕದೆ ಬಂತು. ಬೆಳಗಿನ ಹತ್ತೂವರೆ ಗಂಟೆಗೆ ಊರಿನ ನೀರು ಶುದ್ಧೀಕರಿಸುವ ಘಟಕದಲ್ಲಿ ಕ್ಲೋರಿನ್ ಸಿಲಿಂಡರಿನ ವಾಲ್ವು ಸೋರಿತು. ಪಕ್ಕದ ಓಣಿಯ ನಲ್ಲಿಯ ಮುಂದೆ ಹೆಂಗಸರು ಸರದಿಯಲ್ಲಿ ನಿಂತಿದ್ದರು. ಆಚೆಯ ಶೆಡ್ಡಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವವರು ಇದ್ದರು. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ತಾವು ಊರಿಗೂ ನೋಟಿಸ್ ಕೊಟ್ಟೀರಿ ಎಂಬ ಭಯ. ಹತ್ತು ನಿಮಿಷದಲ್ಲಿ ಆಟೋ, ಟಂಟಂ, ಬೈಕು, ಸಿಕ್ಕಿದ್ದರಲ್ಲಿ ಜನ ಬರತೊಡಗಿದರು. ಎಲ್ಲರಿಗೂ ಕೆಮ್ಮು, ಕಣ್ಣಲ್ಲಿ ನೀರು, ಬಟ್ಟೆಯಿಂದ ಮೂಗಿಗೆ ಹೊಡೆಯುವ ವಾಸನೆ. ಡಾಕ್ಟರು ಒಳಗೆ ಸಿಸೇರಿಯನ್ ಮಾಡುತ್ತಿದ್ದರು, ತಾಯಿಯ ಹೊಟ್ಟೆ ತೆರೆದಿತ್ತು, ಬಿಟ್ಟು ಬರುವಂತಿರಲಿಲ್ಲ. ಹೊರಗೆ ನಾನು, ಇನ್ನೊಬ್ಬ ನರ್ಸ್, ತರಬೇತಿಗೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದ್ದೆವು.

ಹತ್ತಕ್ಕೆ ಒಂಬತ್ತು ಅಂಕ ತೆಗೆದವಳು ಏನು ಮಾಡಿದಳು ಕೇಳಿ. ಎಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿದೆ. ಬಟ್ಟೆಯಲ್ಲಿ ಅನಿಲ ಹೊತ್ತು ತಂದ ಜನರನ್ನು ಒಂದು ಮುಚ್ಚಿದ ಕೋಣೆಯಲ್ಲಿ ತುಂಬಿದೆ. ಎರಡೇ ನಿಮಿಷದಲ್ಲಿ ನನಗೂ ಕೆಮ್ಮು ಶುರುವಾಯಿತು. ಮಂಚದ ಮೇಲೆ ಜ್ವರದಿಂದ ಮಲಗಿದ್ದ ಒಬ್ಬ ಮುದುಕನಿಗೂ ಕೆಮ್ಮು ಬಂತು. ಆಗ ಸಪ್ನಾ ಬಂದು ನನ್ನ ತೋಳು ಹಿಡಿದಳು. ಅಲ್ಲಿಯವರೆಗೆ ಆ ಹುಡುಗಿ ನನ್ನ ಮುಂದೆ ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ.

“ಸಿಸ್ಟರ್, ಎಲ್ಲಾರಿಗಿ ಹೊರಗ ಒಯ್ಯಬೇಕ್ರಿ. ಮೈಮ್ಯಾಗಿನ ಅರಬಿ ತೆಗಸಿ ನೀರ್ ಹಾಕಬೇಕು. ಅರಬ್ಯಾಗೇ ಗ್ಯಾಸ್ ಕುಂತದ,” ಅಂದಳು.

ಇದನ್ನು ಎಲ್ಲಿ ಕಲಿತಳು ಎಂದು ತಾವು ನೋಟಿಸಿನಲ್ಲಿ ಕೇಳಿಲ್ಲ. ಕೇಳಬೇಕಿತ್ತು. ಆಕೆಯ ತಂದೆ ಸುರೇಶಕುಮಾರ ವಾಡಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ತಿಂಗಳಿಗೊಮ್ಮೆ ಪಾಳಿ ಶುರುವಾಗುವ ಮುನ್ನ ಗೇಟಿನ ಬಳಿ ನಿಲ್ಲಿಸಿ ಕಾಲು ಗಂಟೆ ಕಾರ್ಮಿಕರಿಗೆ ಹೇಳಿಕೊಡುತ್ತಾರಂತೆ. ಅನಿಲ ಸೋರಿದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡು, ತಗ್ಗಿಗೆ ಇಳಿಯಬೇಡ, ಬಟ್ಟೆ ಕಳಚು, ನೀರು ಹಾಕಿಕೋ, ಆಮೇಲೆ ಓಡಾಡದೆ ಕೂತಿರು. ಆತ ಮನೆಗೆ ಬಂದು ರೊಟ್ಟಿ ತಿನ್ನುತ್ತ ಮಗಳಿಗೆ ಹೇಳುತ್ತಿದ್ದ. ಅಂದರೆ ಮಾನ್ಯರೇ, ಏಳನೇ ತರಗತಿ ಓದಿದ ಒಬ್ಬ ಕಾರ್ಮಿಕ ಕಾಲು ಗಂಟೆಯಲ್ಲಿ ಕಲಿತದ್ದನ್ನು ಮೂರು ವರ್ಷ ನರ್ಸಿಂಗ್ ಓದುವ ಮಗಳು ಊಟದ ಹೊತ್ತಿನಲ್ಲಿ ಅವನಿಂದ ಕಲಿಯಬೇಕಾಯಿತು. ಇಪ್ಪತ್ತೊಂಬತ್ತು ವರ್ಷದ ಅನುಭವದ ನಾನು ಅವಳಿಂದ ಕಲಿಯಬೇಕಾಯಿತು.

ಅವಳ ಮಾತು ಕೇಳಿ ಬಾಗಿಲು ತೆಗೆದೆ. ಅಂಗಳದಲ್ಲಿ ಹಾಜಿಮಲಂಗ್ ಎಂಬ ಚಾಲಕ ಆಸ್ಪತ್ರೆಯ ತೊಟ್ಟಿಗೆ ನೀರು ತುಂಬಲು ಟ್ಯಾಂಕರ್ ತಂದಿದ್ದರು. ಅವರೇ ಪೈಪು ಹಿಡಿದರು. ಗಂಡಸರು ಅಂಗಿ ಕಳಚಿ ನಿಂತರು. ಹೆಂಗಸರ ಕಡೆ ಗೊಂದಲವಾಯಿತು. ಅರವತ್ತು ದಾಟಿದ ಅಂಬುಬಾಯಿ ಎಂಬ ಹೆಣ್ಣುಮಗಳು ಕೊಡದೊಂದಿಗೇ ಬಂದಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕೆಮ್ಮುತ್ತಲೇ, “ಸತ್ರೂ ಚಿಂತಿಲ್ಲ, ಮಂದ್ಯಾಗ ಸೀರಿ ಬಿಚ್ಚಲ್ಲ ನಾ,” ಅಂದಳು.

ಸಪ್ನಾ ವಾದ ಮಾಡಲಿಲ್ಲ. ಗೆಳತಿಯರನ್ನು ಕರೆದು ಮಂಚದ ಚಾದರಗಳನ್ನು ನಾಲ್ಕೂ ಕಡೆ ಗೋಡೆಯಂತೆ ಹಿಡಿಸಿದಳು. ಹಾಜಿಮಲಂಗ್ ಅವರು ಬೆನ್ನು ತಿರುಗಿಸಿ ನಿಂತು ಪೈಪನ್ನು ಚಾದರದ ಮೇಲಿಂದ ಒಳಗೆ ಕೊಡಬೇಕೆಂದು ಹೇಳಿದಳು. ಆಮೇಲೆ ಅಂಬುಬಾಯಿಯ ಮುಂದೆ ಕುಳಿತು, “ಅವ್ವಾ, ನಾ ಒಬ್ಬಾಕೀನೇ ಇರ್ತೀನಿ. ನಿನಗ ನಾ ಮೈ ತೊಳೀತೀನಿ, ನಮ್ಮಜ್ಜಿಗಿ ತೊಳದಂಗ,” ಅಂದಳು. ಮುದುಕಿ ಸೆರಗು ಬಿಟ್ಟಳು. ತಾವು ಬರೆದ ‘ಮುಜುಗರ’ ಇದೇ. ಮುಜುಗರಪಟ್ಟವರು ಯಾರೆಂದು ಹುಡುಕಿದೆ. ಅಂಬುಬಾಯಿ ಅಲ್ಲ. ಆಕೆ ಮರುವಾರ ಸಪ್ನಾಳಿಗೆ ಶೇಂಗಾ ಹೋಳಿಗೆ ತಂದುಕೊಟ್ಟಳು.

ಇನ್ನು ಬೀಗ. ನಮ್ಮ ಬಳಿ ಆರು ಮಾಸ್ಕ್ ಇದ್ದವು, ಉಸಿರಿಗೆ ಒದ್ದಾಡುತ್ತಿದ್ದವರು ಹದಿನೆಂಟು ಜನ. ಕೀಲಿ ಇಟ್ಟುಕೊಂಡ ಗುಮಾಸ್ತರು ಸಭೆಗೆಂದು ಕಲಬುರಗಿಗೆ ಹೋಗಿದ್ದರು. ಫೋನು ಮಾಡಿದೆ. ಮೇಲಿನಿಂದ ಲಿಖಿತ ಅನುಮತಿ ಬಂದರೆ ಸಂಜೆ ಬಂದು ತೆರೆಯುವುದಾಗಿ ಹೇಳಿದರು. ನಾನು ಫೋನು ಹಿಡಿದುಕೊಂಡು ನಿಂತೇ ಇದ್ದೆ, ಹಿಂದೆ ಠಣ್ ಎಂದು ಸದ್ದಾಯಿತು. ಸಪ್ನಾ ಆಕ್ಸಿಜನ್ ಸಿಲಿಂಡರಿನ ವಾಲ್ವು ತಿರುಗಿಸುವ ಕಬ್ಬಿಣದ ಪಾನಾ ತೆಗೆದುಕೊಂಡು ಬೀಗಕ್ಕೆ ಹೊಡೆದಿದ್ದಳು. ಮೂರನೇ ಏಟಿಗೆ ಅದು ಕಳಚಿ ಬಿತ್ತು. ಕಪಾಟು ಅಷ್ಟೇನೂ ಪ್ರತಿಭಟಿಸಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ನೋಟಿಸಿನಲ್ಲಿ ಇಲ್ಲದ್ದು, ಇರಬೇಕಾದದ್ದು ಇದೇ.

ಎಲ್ಲರಿಗಿಂತ ಕೊನೆಗೆ ಒಬ್ಬ ಮನುಷ್ಯ ನಡೆದುಕೊಂಡೇ ಬಂದ. ಹೆಸರು ಲಾಲಪ್ಪ, ನೀರಿನ ಘಟಕದಲ್ಲಿ ವಾಲ್ವು ತಿರುಗಿಸುವ ಕೆಲಸ. ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡು ಎರಡು ಸಲ ಒಳಗೆ ಹೋಗಿ ಸೋರಿಕೆ ನಿಲ್ಲಿಸಿದವನು ಅವನೇ. ನಲ್ಲಿಯ ಬಳಿ ಬಿದ್ದಿದ್ದ ಹೆಂಗಸರನ್ನು ಆಟೋ ಹತ್ತಿಸಿದವನೂ ಅವನೇ. ನನ್ನ ಮುಂದೆ ನಿಂತು, “ನಂಗೇನಾಗಿಲ್ರಿ ಸಿಸ್ಟರ್, ಗಂಟಲು ಒಂದೀಟು ಕೆರೀಲಿಕತ್ತದ ಅಷ್ಟೇ,” ಅಂದ. ನಡೆಯುತ್ತಿದ್ದಾನೆ, ಮಾತನಾಡುತ್ತಿದ್ದಾನೆ, ನಗುತ್ತಿದ್ದಾನೆ. ಹಸಿರು ಚೀಟಿ ಕಟ್ಟಿ, ಮನೆಗೆ ಹೋಗಿ ಸ್ನಾನ ಮಾಡಿ ಮಲಗು ಎಂದೆ.

ಸಪ್ನಾ ಒದ್ದೆ ಕೈಯಲ್ಲೇ ಓಡಿ ಬಂದಳು. ಇವರನ್ನು ಕಳಿಸಬೇಡಿ, ಒಳಗೆ ಹೋಗಿ ಬಂದವರು ಇವರೊಬ್ಬರೇ, ಈ ಗಾಳಿಯ ವಿಷ ಕೆಲವು ತಾಸು ತಡವಾಗಿ ಏರುತ್ತದೆ ಎಂದು ಅಪ್ಪ ಹೇಳಿದ್ದಾನೆ ಎಂದಳು. ಅಷ್ಟು ಹೊತ್ತು ಅವಳು ಹೇಳಿದ್ದೆಲ್ಲ ಸರಿಯಾಗಿತ್ತು. ಬಹುಶಃ ಅದಕ್ಕೇ ನನಗೆ ಸಿಟ್ಟು ಬಂತು. ಎಲ್ಲರ ಮುಂದೆ, “ನಿನ್ನ ಕೆಲಸ ನೋಡು ನೀ. ಇಲ್ಲಿ ಸಿಸ್ಟರ್ ನಾ ಇದೀನಿ, ನಿಮ್ಮಪ್ಪ ಅಲ್ಲ,” ಅಂದೆ. ಹುಡುಗಿ ತಲೆ ತಗ್ಗಿಸಿ ಹೋದಳು. ಲಾಲಪ್ಪ ಮೇ ತಿಂಗಳ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಮನೆಗೆ ಹೋದ.

ಮಧ್ಯಾಹ್ನ ನಾಲ್ಕಕ್ಕೆ ಅವನ ಹೆಂಡತಿ ದ್ರೌಪದಿ ಅವನನ್ನು ಆಟೋದಲ್ಲಿ ಎದೆಗೆ ಒರಗಿಸಿಕೊಂಡು ತಂದಳು. ತುಟಿ ನೀಲಿ, ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಕೊರಳಲ್ಲಿ ನಾನು ಕಟ್ಟಿದ ಹಸಿರು ಚೀಟಿ ಹಾಗೇ ಇತ್ತು. ದ್ರೌಪದಿ ಕೂಗಾಡಲಿಲ್ಲ. “ನೀವ್ ಏನಾಗಿಲ್ಲ ಅಂದೀರಂತಲ್ರಿ ಸಿಸ್ಟರ್,” ಎಂದಷ್ಟೇ ಕೇಳಿದಳು. ಡಾಕ್ಟರು ಆಮ್ಲಜನಕ ಹಚ್ಚಿ ಕಲಬುರಗಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಸಪ್ನಾಳೇ ಹೋದಳು. ಹನ್ನೊಂದು ದಿನ ಯಂತ್ರ ಅವನ ಪರವಾಗಿ ಉಸಿರಾಡಿತು. ಬದುಕಿದ.

ಉಳಿದ ಮೂವತ್ತು ಜನ ಮೂರೇ ದಿನದಲ್ಲಿ ಮನೆ ಸೇರಿದರು. ಒಂದು ವಾರಕ್ಕೆ ತಮ್ಮ ನೋಟಿಸ್ ಬಂತು. ನಾನು ತಕ್ಷಣ ಲಿಖಿತವಾಗಿ ತಿಳಿಸಿದೆ, ತಪ್ಪು ನನ್ನದು, ಹುಡುಗಿಯದಲ್ಲ ಎಂದು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಆ ಕಾಗದ ಇನ್ನೂ ಪರಿಶೀಲನೆಯಲ್ಲಿದೆ. ತಮ್ಮ ಕಚೇರಿಯಲ್ಲಿ ಅದಕ್ಕೂ ಒಂದು ಹಸಿರು ಚೀಟಿ ಕಟ್ಟಿರಬೇಕು.

ಕಳೆದ ಸೋಮವಾರ ಲಾಲಪ್ಪ ತಪಾಸಣೆಗೆ ಬಂದಿದ್ದ. ಒಂದು ವಾಕ್ಯ ಮುಗಿಸಲು ಎರಡು ಕಡೆ ನಿಲ್ಲುತ್ತಾನೆ. ನೀರಿನ ಟ್ಯಾಂಕಿನ ಏಣಿ ಹತ್ತಲಾಗದ ಕಾರಣ ಅವನ ಕೆಲಸ ಈಗ ಮಡಿವಾಳಯ್ಯ ಎಂಬವರು ನೋಡಿಕೊಳ್ಳುತ್ತಿದ್ದಾರೆ. ನಾನು ಅವನನ್ನು ಕೂರಿಸಿ, ಅವತ್ತು ನಿನ್ನನ್ನು ಕಳಿಸಿದ್ದು ನನ್ನ ತಪ್ಪು ಎಂದು ಬಾಯಿಬಿಟ್ಟು ಹೇಳಿದೆ. “ಹೌದ್ರಿ. ಆ ಹುಡುಗಿ ಮಾತ್ ಕೇಳಬೇಕಿತ್ರಿ ನೀವು,” ಅಂದ. ಸಮಾಧಾನದ ಮಾತು ಹೇಳಲಿಲ್ಲ. ಹೇಳಬೇಕೆಂದೂ ಇರಲಿಲ್ಲ. ಆಮೇಲೆ ಆ ಹುಡುಗಿ ಎಲ್ಲಿ ಎಂದು ಕೇಳಿದ. ನೋಟಿಸಿನ ವಿಷಯ ತಿಳಿಸಿದಾಗ ತಾನೇ ತಮ್ಮ ಕಚೇರಿಗೆ ಬಂದು ಸಾಕ್ಷಿ ಹೇಳುತ್ತೇನೆಂದು ಎದ್ದ. ತಾವು ಮೂರನೇ ಮಹಡಿಯಲ್ಲಿ ಕೂರುತ್ತೀರಿ, ಲಿಫ್ಟು ದುರಸ್ತಿಯಲ್ಲಿದೆ. ಆದ್ದರಿಂದ ಅವನ ಬದಲು ಈ ಪತ್ರ ಬರುತ್ತಿದೆ, ಊರವರೆಲ್ಲ ಓದಲೆಂದು ಬಹಿರಂಗವಾಗಿಯೇ.

ನನ್ನ ಬೇಡಿಕೆ ದೊಡ್ಡದಲ್ಲ. ಸಪ್ನಾಳ ನೋಟಿಸ್ ಹಿಂತೆಗೆದುಕೊಳ್ಳಿ. ಪರೀಕ್ಷೆಗೆ ಒಂಬತ್ತು ದಿನ ಉಳಿದಿದೆ, ನಾಳೆಯೇ ಹಾಲ್ ಟಿಕೆಟ್ ಕಳಿಸಿ. ಯಾರಿಗಾದರೂ ನೋಟಿಸ್ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ‘ಅನಿಲ ಕುಡಿದವನನ್ನು ನಡೆಸಿ ಮನೆಗೆ ಕಳಿಸಿದ್ದು’ ಎಂದು ಆರೋಪ ಬರೆಯಿರಿ, ಸಹಿ ಮಾಡಿ ಒಪ್ಪಿಕೊಳ್ಳುತ್ತೇನೆ. ಆದರೆ ಅದರ ಕೆಳಗೆ, ಹಾಗೆ ಕಳಿಸಬಾರದೆಂದು ಈ ಸಿಸ್ಟರಿಗೆ ಯಾರು ಯಾವಾಗ ಕಲಿಸಿದ್ದರು ಎಂಬ ಪ್ರಶ್ನೆಯನ್ನೂ ಬರೆದು ಅದಕ್ಕೆ ತಾವೇ ಉತ್ತರ ಕೊಡಿ. ಆಮೇಲೆ ನಮ್ಮ ಸೀಮೆಯ ಎಲ್ಲ ಊರುಗಳ ನರ್ಸುಗಳಿಗೆ, ನರ್ಸಿಂಗ್ ಓದುವ ಮಕ್ಕಳಿಗೆ, ಕಾಗಿಣಾ ಏರುವ ಮುಂಚೆ, ಹೇಳದೆ ಕೇಳದೆ ಒಂದು ದಿನ ನಿಜವಾದ ತಾಲೀಮು ನಡೆಸಿ. ಕಲಿಸಲು ಜನ ಸಿಗದಿದ್ದರೆ ವಾಡಿಯಲ್ಲಿ ಸುರೇಶಕುಮಾರ ಇದ್ದಾರೆ. ಭಾನುವಾರ ರಜೆ, ಬರಲು ಒಪ್ಪಿದ್ದಾರೆ. ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ, ಪಕ್ಕದ ಕುರ್ಚಿ ತಮಗಾಗಿ ಖಾಲಿ ಇಡುತ್ತೇನೆ.

ಇಂತಿ,
ನಿವೃತ್ತಿಗೆ ಹದಿನಾಲ್ಕು ತಿಂಗಳು ಇಟ್ಟುಕೊಂಡು ಇಂಥ ಪತ್ರ ಬರೆಯಬೇಡವೆಂದು ಮನೆಯವರೆಲ್ಲ ಹೇಳಿದರೂ ಕೇಳದ
ಗುರುಲಿಂಗಮ್ಮ
ಹಿರಿಯ ಶುಶ್ರೂಷಾಧಿಕಾರಿ