ಗುಬ್ಬಿ ಎಂಬ ಲಾಗಿನ್

ಅಪ್ಪಾ,

ನಿನ್ನ ಕೆಲಸವನ್ನು ನನಗೆ ಕೊಟ್ಟಿದ್ದಾರೆ. ನೀನು ಉಸಿರು ಬಿಟ್ಟ ಕುರ್ಚಿಯಲ್ಲೇ ಕೂತು ಇವತ್ತಿನಿಂದ ಆಫೀಸಿನ ಕಂಪ್ಯೂಟರ್‌ಗಳನ್ನು ನಡೆಸುವ ಲಿನಕ್ಸ್ ಕಲಿಯುತ್ತಿದ್ದೇನೆ. ಸರ್ವರ್‌ಗೆ ಯಾರು ಕೊನೆಯ ಸಲ ಯಾವಾಗ ಲಾಗಿನ್ ಆಗಿದ್ದರೆಂದು ತೋರಿಸುವ ಕಮಾಂಡನ್ನು ಕೆಲಸ ಕಲಿಸುವ ಮೇಡಂ ಹೇಳಿಕೊಟ್ಟರು. ಪಟ್ಟಿಯ ಕೊನೆಯಲ್ಲಿ ‘ಗುಬ್ಬಿ’ ಎಂದಿತ್ತು. ಅದರ ಮುಂದೆ, ‘ಒಮ್ಮೆಯೂ ಲಾಗಿನ್ ಆಗಿಲ್ಲ.’

“ಬಾರೇ ಗುಬ್ಬಿ, ನಿಂಗೂ ಒಂದು ಲಾಗಿನ್ ಮಾಡಿಟ್ಟಿದೀನಿ, ಹತ್ತೇ ನಿಮಿಷ ಕೂತ್ಕೋ” ಎಂದು ಎಷ್ಟು ಸಲ ಗೋಗರೆದಿದ್ದೆ ನೀನು! “ಆ ಕರಿ ಪರದೆ ಮುಂದೆ ನೀನೇ ಸಾಯಿ” ಎಂದಿದ್ದೆ ನಾನು.

“ಯಾರಮ್ಮಾ ಈ ಗುಬ್ಬಿ?” ಮೇಡಂ ಕೇಳಿದರು.

“ಗೊತ್ತಿಲ್ಲ ಮೇಡಂ.”

“ಯಾರೂ ಬಳಸ್ದಿರೋ ಲಾಗಿನ್ ಇಟ್ಕೋಬಾರ್ದು. ತೆಗೆದ್ಬಿಡು” ಎಂದು ಅಳಿಸುವ ಕಮಾಂಡನ್ನೂ ಕಲಿಸಿದರು.

ನಾನೇ ಟೈಪ್ ಮಾಡಿದೆ, ಅಪ್ಪಾ. ಒಂದಕ್ಷರವೂ ತಪ್ಪಲಿಲ್ಲ.

“ಪರವಾಗಿಲ್ವೇ, ಬೇಗ ಕಲೀತೀಯ” ಎಂದರು.