ಚಟಾಕು, ಪಾವು, ಸೇರು

7 ಜನವರಿ 1974, ಗುಡಗೇರಿ

ಇವತ್ತೂ ಆರು ಮನೆ. ಆರೂ ದಂಡ. ‘ನಿಮಗೆ ಬೇಸರವೆನಿಸುವುದು ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ — ಇವುಗಳಲ್ಲಿ ಯಾವುದು?’ ಎಂದು ಓದುತ್ತೇನೆ. ಹೆಣ್ಣುಮಕ್ಕಳು ನನ್ನ ಮುಖವನ್ನೇ ನೋಡುತ್ತಾರೆ. ಆಮೇಲೆ ಚಹಾ ಕುಡೀರಿ ಅನ್ನುತ್ತಾರೆ. ಆರು ಕಪ್ ಚಹಾ ಕುಡಿದು ಪಿತ್ತ ನೆತ್ತಿಗೇರಿದೆ.

ಬೇಸರ ಅಳೆಯುವ ಈ ಸ್ಕೇಲ್ ಅಮೆರಿಕದ್ದು. ಧಾರವಾಡದ ಯೂನಿವರ್ಸಿಟಿಯಲ್ಲಿ ಕೂತು ನಮ್ಮ ಸರ್ ಅನುವಾದ ಮಾಡಿದ್ದು. ಅವರ ಕನ್ನಡ ದೇವರಿಗೇ ಪ್ರೀತಿ. ಹಳ್ಳಿಯ ಹೆಂಗಸರ ಸಂಕಟ ಅಳೆಯಲು ಕನ್ನಡದಲ್ಲಿ ಸಾಧನವೇ ಇಲ್ಲ, ಹುಡುಕಿಕೊಂಡು ಬಾ ಅಂದರು. ಹುಡುಕುವುದಕ್ಕೆ ಅದೇನು ತಪ್ಪಿಸಿಕೊಂಡ ಎಮ್ಮೆಯೇ? ಮಾರ್ಚ್ ಒಳಗೆ ಸಿಗದಿದ್ದರೆ ಪ್ರಾಜೆಕ್ಟ್ ಬಂದ್. ನಾನೂ ಮನೆಗೆ.

ಇಳಿದುಕೊಂಡದ್ದು ರೇವವ್ವನ ಮನೆಯಲ್ಲಿ. ಅವ್ವನ ಜೀವದ ಗೆಳತಿ, ನನಗೆ ಚಿಗವ್ವ. ಬಾಜೂ ಮನೆಯೇ ಆಗ ನಮ್ಮದು. ಅಪ್ಪ ಇಲ್ಲಿಯ ರೇಲ್ವೆ ಸ್ಟೇಶನ್ನಿನಲ್ಲಿದ್ದರು. ಅವ್ವ ತೀರಿಕೊಂಡಾಗ ನನಗೆ ಹತ್ತು ವರ್ಷ. ಅಪ್ಪ ವರ್ಗ ಮಾಡಿಸಿಕೊಂಡು ಹೊರಟುಬಿಟ್ಟರು. ಹದಿನೇಳು ವರ್ಷದ ಮೇಲೆ ಮತ್ತೆ ಅದೇ ಕಟ್ಟೆ... ಅವ್ವ ಇಲ್ಲೇ ಕೂತು ನನ್ನ ಜಡೆ ಹೆಣೆಯುತ್ತಿದ್ದಳು. ಹುಬ್ಬಳ್ಳಿ ಗಾಡಿ ಬಂತೆಂದರೆ ಕೈ ನಿಲ್ಲಿಸಿ, ಅದು ಪೂರ್ತಿ ಹೋಗುವವರೆಗೆ ನೋಡಿ, ಏನಾದರೂ ಅಂದು ನಗಿಸುತ್ತಿದ್ದಳು. ಅವ್ವ ಅಂದರೆ ನನಗೆ ಆ ನಗುವೇ ನೆನಪು. ಕಟ್ಟೆಗೆ ಈಗ ಸಿಮೆಂಟ್ ಬಳಿದಿದ್ದಾರೆ.

11 ಜನವರಿ, ಸಂಜೆ

ಸಂತೆ. ಚುರಮರಿ ಮಾರುವ ರಾಜಮಾಬಿಯ ಎದುರು ಕೂತು ಅದೇ ಪ್ರಶ್ನೆ ಓದಿದೆ. ಪೂರಾ ಕೇಳಿಸಿಕೊಂಡಳು. ನಂತರ ನನಗೇ ಪಾಠ ಹೇಳಿದಳು.

‘ಎಷ್ಟು, ಎಷ್ಟು ಅಂತೀರಿ ಅಕ್ಕಾರ. ಮಾಪ ಇಲ್ದ ಎಷ್ಟಂತ ಹೇಳೂದ್ರಿ? ಚಟಾಕೋ, ಪಾವೋ, ಸೇರೋ?’

ಮುಂದೆ ಮೂರೂ ಮಾಪಗಳು ಸಾಲಾಗಿ ಇದ್ದವು. ಸರಕಾರ ಕಿಲೋ ತಂದು ಎಷ್ಟೋ ವರ್ಷವಾಯಿತು, ಇವಳ ಚುರಮರಿಗೆ ಅದು ಇನ್ನೂ ಗೊತ್ತಿಲ್ಲ. ಹಾಗಾದರೆ ನಿನ್ನ ಬೇಸರ ಎಷ್ಟು ಅಂದೆ. ತಡಮಾಡದೆ ಪಾವಿನ ಮೇಲೆ ಕೈಯಿಟ್ಟಳು. ಗಂಡ ಮಹಬೂಬಸಾಬ ಊರಲ್ಲಿದ್ದಾಗ ಪಾವು, ಪರಊರಿಗೆ ಹೋದಾಗ ಚಟಾಕು ಅಂತೆ. ಸಂತೆಯ ನಡುವೆ ಬಿದ್ದು ಬಿದ್ದು ನಕ್ಕೆವು.

ಸಿಕ್ಕಿತು. ಚುರಮರಿ ಬುಟ್ಟಿಯ ಪಕ್ಕದಲ್ಲಿ ಸಿಕ್ಕಿತು.

14 ಜನವರಿ

ಸಂಕ್ರಮಣ. ಎಲ್ಲರೂ ಎಳ್ಳು ಹಚ್ಚಿಕೊಂಡು ಮೀಯುತ್ತಿದ್ದರೆ ನಾನು ಸರ್ ಪ್ರಶ್ನೆಗಳ ಮೇಲೆ ಗೀಟು ಎಳೆಯುತ್ತ ಕೂತಿದ್ದೆ. ಇಪ್ಪತ್ತು ಹೊಸ ಪ್ರಶ್ನೆ. ‘ಹೊಟ್ಟ್ಯಾಗ ಕಲಮಲ ಅಂತೈತೇನು?’ ‘ಉಂಡದ್ದು ಮೈಗೆ ಹತ್ತೂದಿಲ್ಲೇನು?’ ಬರೆಯುತ್ತ ಹೋದಂತೆ ಗೊತ್ತಾಯಿತು, ಇವು ನಾನು ಕಟ್ಟಿದ ಮಾತುಗಳಲ್ಲ. ಅವ್ವ ಆಡುತ್ತಿದ್ದವು. ನನ್ನೊಳಗೆ ಇಷ್ಟು ದಿನ ಎಲ್ಲಿದ್ದವೋ.

ಇಲ್ಲ ಅಂದರೆ ಸೊನ್ನೆ. ಚಟಾಕಿಗೆ ಒಂದು, ಪಾವಿಗೆ ಎರಡು, ಸೇರಿಗೆ ಮೂರು. ಒಟ್ಟು ಅರವತ್ತು. ಮಾಪಗಳನ್ನು ಚಿಗವ್ವ ಕೊಟ್ಟಳು.

22 ಜನವರಿ

ನಲವತ್ತು ಹೆಂಗಸರು ಮುಗಿದರು. ಮಾಪ ಮುಂದಿಟ್ಟರೆ ಸಾಕು, ಬಾಯಿ ಬಿಡುತ್ತಾರೆ. ಮಹಾದೇವಕ್ಕನಂತೂ ಸೇರನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಳು.

ಕೊನೆಗೆ ಚಿಗವ್ವ. ಓಣಿಗೆಲ್ಲ ಚೇಷ್ಟೆಗಾರ್ತಿ, ಇವಳದು ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಗೋಡೆ ನೋಡುತ್ತ ಒಂದೊಂದಕ್ಕೂ ಸೇರು, ಸೇರು ಅನ್ನುತ್ತ ಹೋದಳು. ಐವತ್ತೊಂದು. ಯಾರದೂ ಇಷ್ಟು ಬಂದಿಲ್ಲ. ಎರಡು ಸಲ ಕೂಡಿಸಿ ನೋಡಿದೆ. ಎದ್ದು ಹೋಗಿ ರೊಟ್ಟಿ ಬಡಿದಳು, ಬಿಸಿಬಿಸಿ ಬಡಿಸಿ, ಗಿಣಿಯಂತೆ ತಿನ್ನುತ್ತೀ ಅಂತ ಛೇಡಿಸಿದಳು. ಏನು ಕೇಳಲಿ, ಹೇಗೆ ಕೇಳಲಿ.

ಹದಿನೈದು ದಿನ ಬಿಟ್ಟು ಅದೇ ಪ್ರಶ್ನೆ ಅವರಿಗೇ ಕೇಳಬೇಕು. ಉತ್ತರ ಹೆಚ್ಚು ಕಡಿಮೆ ಅಷ್ಟೇ ಬಂದರೆ ಸಾಧನ ಖರೆ. ಇಲ್ಲದಿದ್ದರೆ ಸುಳ್ಳು.

6 ಫೆಬ್ರವರಿ

ಮೂವತ್ತೊಂಬತ್ತು ಜನರದು ತಾಳೆಯಾಯಿತು. ರಾಜಮಾಬಿ ಆಗ ಹದಿನಾಲ್ಕು, ಈಗ ಹದಿಮೂರು. ಕುಣಿಯಬೇಕೆನಿಸಿತು.

ಚಿಗವ್ವನದು — ಒಂಬತ್ತು.

ಐವತ್ತೊಂದು ಎಲ್ಲಿ, ಒಂಬತ್ತು ಎಲ್ಲಿ! ಸಿಟ್ಟು ತಡೆಯಲಿಲ್ಲ. ಹುಡುಗಾಟ ಹಚ್ಚಿದ್ದೀಯಾ, ಎರಡರಲ್ಲಿ ಖರೆ ಯಾವುದು ಅಂತ ಕೂಗಾಡಿದೆ. ಹದಿನೈದು ದಿನ ಇವಳ ಚಿಂತೆಯಲ್ಲೇ ಇದ್ದೆನಲ್ಲ, ಅದೂ ಸೇರಿತು. ಅವಳು ಕಡಲೆ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು.

‘ಎರಡೂ ಖರೇನs ನೀಲಾ. ಇವತ್ತಿಂದು ನಂದು. ಅವತ್ತಿಂದು ನಿಮ್ಮವ್ವಂದು.’

ಅರ್ಥವಾಗಲಿಲ್ಲ.

‘ನೀ ಓದಾಕ ಹತ್ತಿದ್ಯಲಾ, ಮಾತೆಲ್ಲ ಅಗದಿ ಅಕೀವ. ಸುಶೀಲಾನs ಎದುರಿಗೆ ಕುಂತಂಗಾತು. ಇದ್ದಾಗ ಅಕೀನ್ನ ಒಬ್ರೂ ಕೇಳಲಿಲ್ಲವ್ವ. ಮಗಳು ಕೇಳಾಕ ಬಂದಾಳ, ಹೇಳಾಕ ಅಕೀ ಇಲ್ಲ. ಅದಕ್ಕ ನಾ ಹೇಳಿದೆ. ಅಕೀ ನನ್ನ ಮುಂದ ಹೇಳಿದ್ದಷ್ಟs, ಒಂದು ಚಟಾಕೂ ಕೂಡಿಸಿಲ್ಲ.’

ನನಗಿಂತ ಮೊದಲು ಎರಡು, ನನ್ನ ಹಿಂದೆ ಒಂದು, ಹೀಗೆ ಮೂರು ಕೂಸು ಮಣ್ಣು ಮಾಡಿದ್ದಳಂತೆ ಅವ್ವ. ಇದೇ ಊರಲ್ಲಿ. ನನ್ನೆದುರು ಹೇಳಬಾರದೆಂದು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದಳು. ನನಗೆ ಒಂದಕ್ಷರ ಗೊತ್ತಿರಲಿಲ್ಲ. ನಾನು ಚಿಗವ್ವನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಸುಲಿದ ಕಡಲೆಯೆಲ್ಲ ಚೆಲ್ಲಿದವು.

11 ಫೆಬ್ರವರಿ, ಧಾರವಾಡ

ಸರ್ ಭಾರಿ ಖುಷ್. ಚುರಮರಿ ಸ್ಕೇಲ್ ಅಂತ ನಕ್ಕರೂ ಒಪ್ಪಿಕೊಂಡರು. ಏಪ್ರಿಲ್‌ನಿಂದ ಕಲಘಟಗಿ, ನವಲಗುಂದ ಕಡೆಗೂ ಒಯ್ಯಬೇಕಂತೆ. ನನ್ನ ಕೆಲಸ ಉಳಿಯಿತು. ತಾಳೆಯಾಗದ ಆ ಒಂದು ಹಾಳೆ ಹರಿದು ಹಾಕು, ಬೇರೆ ಹೆಂಗಸಿನದು ಸೇರಿಸು ಅಂದರು. ಮೂವತ್ತೊಂಬತ್ತೇ ಸಾಕು ಸರ್ ಅಂದೆ. ಗೊಣಗಿದರು.

ಹರಿಯಲಿಲ್ಲ. ಮನೆಗೆ ತಂದಿದ್ದೇನೆ.

12 ಫೆಬ್ರವರಿ, ಮಧ್ಯಾಹ್ನ

ಹಾಳೆ ಬಿಚ್ಚಿದೆ. ಒಂದೊಂದೇ ಓದಿದೆ. ನನ್ನದೇ ಅಕ್ಷರ, ಅವ್ವನ ಉತ್ತರ. ಸಿಟ್ಟೂ ಬಂತು ಅವ್ವನ ಮೇಲೆ. ಇಷ್ಟೆಲ್ಲ ಒಳಗಿಟ್ಟುಕೊಂಡು ನಗುವುದನ್ನು ಯಾರು ಕಲಿಸಿದರು ಇವಳಿಗೆ?

ಇಪ್ಪತ್ತು ಮುಗಿದ ಮೇಲೆ ಹಾಳೆಯ ಕೆಳಗೆ ಅಳತೆಯಿಲ್ಲದ ಒಂದು ಪ್ರಶ್ನೆ ಇದೆ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು. ಮನಸ್ಸಿನ್ಯಾಗಿಂದು ಹೇಳ್ಕೊಳ್ಳಾಕ ಮನ್ಯಾಗ ಯಾರರ ಅದಾರೇನು?

‘ಒಬ್ಬಾಕಿ ಅದಾಳ. ಮಗಳು. ಇನ್ನೂ ಭಾಳ ಸಣ್ಣಾಕಿ. ಒಂದೀಟು ದೊಡ್ಡಾಕಿ ಆಗಲಿ, ಹೇಳ್ತೀನಿ.’

ಬರೆದುಕೊಂಡಾಗ, ಚಿಗವ್ವ ಅಳ್ನಾವರಕ್ಕೆ ಕೊಟ್ಟ ತನ್ನ ಮಗಳ ಮಾತು ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ. ಮೂರು ಮಕ್ಕಳ ತಾಯಿಯೂ ಹೆತ್ತವಳಿಗೆ ಸಣ್ಣವಳೇ ಅಂತ ಒಳಗೊಳಗೇ ನಕ್ಕಿದ್ದೆ.

ನನಗೀಗ ಇಪ್ಪತ್ತೇಳು, ಅವ್ವಾ. ದೊಡ್ಡಾಕಿ ಆಗೀನಿ. ಈಗರ —